ಗೊರವಂಕ ಕಲಿತ ಸದ್ದು

ಎಂಜಿನ್ನಿನ ವೇಗ ಅಳೆಯುವ ಮೀಟರು ತುಟ್ಟಿಯೆಂದು ಮೆಕ್ಯಾನಿಕ್ ದಸ್ತಗೀರ್ ತನ್ನ ಹಳೆಯ ಫೋನನ್ನೇ ಆ ಕೆಲಸಕ್ಕೆ ಹಚ್ಚಿದ್ದ. ಅದು ಬೈಕಿನ ಸದ್ದು ಕೇಳಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುತ್ತಿತ್ತು.

ಒಂದು ಮಧ್ಯಾಹ್ನ ಅವನು ಫೋನನ್ನು ಶೆಡ್ಡಿನಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದಾಗ, ಮೂಲೆಯಲ್ಲಿ ಕೆಟ್ಟು ನಿಂತಿದ್ದ ಬೈಕಿನ ಕಡೆಯಿಂದ ಗುಡುಗುಡು ಸದ್ದು ಬಂತು.

"ಎಂಜಿನ್ನೇ, ನೀನು ಓಡುತ್ತಿದ್ದೀಯೆ. ಸಾವಿರದ ನಾನೂರು ಸುತ್ತು," ಎಂದಿತು ಫೋನು.

"ಸುಳ್ಳು. ನನ್ನ ಪಿಸ್ಟನ್ ಕಚ್ಚಿಕೊಂಡು ವರ್ಷವಾಯಿತು. ನಾನು ತಣ್ಣಗಿದ್ದೇನೆ."

"ಮುಟ್ಟಿ ನೋಡಲು ನನಗೆ ಕೈಯಿಲ್ಲ. ಸದ್ದು ನಿನ್ನದೇ. ಲೆಕ್ಕ ತಪ್ಪಿಲ್ಲ."

ಎಂಜಿನ್ ಹೆದರಿ ಮೇಲೆ ನೋಡಿತು. ತೊಲೆಯ ಮೇಲೆ ಕುಳಿತಿದ್ದ ಗೊರವಂಕದ ಗಂಟಲು ಅದುರುತ್ತಿತ್ತು.

"ನನ್ನ ದನಿಯನ್ನು ಯಾಕೆ ತೆಗೆದುಕೊಂಡೆ?"

"ಇಟ್ಟುಕೊಳ್ಳುವವರು ಬೇರೆ ಯಾರೂ ಇರಲಿಲ್ಲ," ಎಂದಿತು ಗೊರವಂಕ.

ಅಷ್ಟರಲ್ಲಿ ಸದ್ದು ಕೇಳಿ ದಸ್ತಗೀರ್ ಓಡಿ ಬಂದ. ಫೋನು ನೋಡಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟ. ಕಬ್ಬಿಣ ತಣ್ಣಗಿತ್ತು. "ಯಾ ಅಲ್ಲಾ!" ಎಂದು ಕೈ ಹಿಂದೆಳೆದವನು ಹಕ್ಕಿಯನ್ನು ಕಂಡು ನಕ್ಕುಬಿಟ್ಟ. "ಥೂ ಕಳ್ಳಾ, ನೀನಾ!" ನಕ್ಕೂ ನಕ್ಕೂ ಕೆಮ್ಮು ಬಂತು. ಕೆಮ್ಮುತ್ತಲೇ ಊಟಕ್ಕೆ ಮರಳಿದ.

ಗೊರವಂಕ ತಲೆ ವಾರೆ ಮಾಡಿ ಕೇಳಿಸಿಕೊಂಡಿತು. ಬಳಿಕ ಮೆಲ್ಲಗೆ ಆ ನಗುವನ್ನೂ ಆ ಕೆಮ್ಮನ್ನೂ ಆಡಿ ನೋಡಿತು. ಸರಿಬರಲಿಲ್ಲವೆಂದು ಮತ್ತೆ ಆಡಿತು. ಈ ಸಲ ಶೆಡ್ಡಿನಲ್ಲಿ ದಸ್ತಗೀರನೇ ನಿಂತಂತಾಯಿತು.

"ಅವನಿನ್ನೂ ಬದುಕಿದ್ದಾನಲ್ಲ!" ಎಂದಿತು ಎಂಜಿನ್.

"ನಿನ್ನ ದನಿ ಕಲಿಯುವಾಗ ನೀನೂ ಓಡುತ್ತಿದ್ದೆ," ಎಂದಿತು ಗೊರವಂಕ.