ಸಾಥ್ ಕೊಟ್ಟವಳು

"ಗುರುಗಳೇ, ಇಷ್ಟು ವರ್ಷ ನಿಮ್ಮ ಹಿಂದೆ ಕೂತು ದನಿಗೂಡಿಸಿದ್ದೇನೆ. ಜನ ನನ್ನ ಹಾಡು ಕೇಳುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕಲ್ಲಿದ್ದಲ ಗಣಿಯ ಒಂದು ಊರು. ಅಲ್ಲಿ ವಿನಿಫ್ರೆಡ್ ಎಂಬ ಹೆಣ್ಣುಮಗಳಿದ್ದಳು. ತಂದೆ ಗಣಿ ಕೆಲಸದವನು. ಪ್ರಾರ್ಥನಾ ಮಂದಿರದ ಪಿಯಾನೊದ ಮೇಲೆ ಅವಳು ಕೈ ಪಳಗಿಸಿಕೊಂಡಳು. ಒಮ್ಮೆ ಪಕ್ಕದ ಮನೆಯ ರೇಡಿಯೊದಲ್ಲಿ ಜಾಜ್ ಕೇಳಿದಳು. ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ ಅದು. ನಮ್ಮ ಆಲಾಪದಂತೆ ಅದರಲ್ಲೂ ನುಡಿಸುವವರು ಕೂತಲ್ಲೇ ಹೊಸದನ್ನು ಹುಟ್ಟಿಸುತ್ತಾರೆ. ಇನ್ನು ಇದೇ ತನ್ನ ಬದುಕು ಎಂದು ಅವಳಿಗೆ ಅನ್ನಿಸಿತು. ಮನೆಯವರು ಒಪ್ಪಲಿಲ್ಲ. ಆದರೂ ಲಂಡನ್ನಿಗೆ ಹೋದಳು.

ಅಲ್ಲಿ ಒಂದು ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತು. ಅಮೆರಿಕದಿಂದ ಬರುವ ದೊಡ್ಡ ವಾದಕರಿಗೆ ಹಿಂದೆ ಕೂತು ಪಿಯಾನೊದಲ್ಲಿ ಸಾಥ್ ಕೊಡುವ ಕೆಲಸ. ಜನ ಬರುವುದು ಅವರನ್ನು ಕೇಳಲಿಕ್ಕೆ, ನೀನು ಮೆಲ್ಲಗೆ ನುಡಿಸು ಎಂದು ಕ್ಲಬ್ಬಿನ ಯಜಮಾನ ಮೊದಲ ದಿನವೇ ಹೇಳಿದ. ಅವಳು ಮೆಲ್ಲಗೇ ನುಡಿಸಿದಳು. ಬಂದ ವಾದಕರು ಲಯದಲ್ಲಿ ಓಡಿದರೆ ಜೊತೆಗೆ ಓಡಿದಳು. ದಾರಿ ತಪ್ಪಿದರೆ ಯಾರಿಗೂ ತಿಳಿಯದ ಹಾಗೆ ದಾರಿಗೆ ತಂದಳು. ಬೆಳಿಗ್ಗೆ ಹೊತ್ತು, ಖಾಲಿ ಕ್ಲಬ್ಬಿನಲ್ಲಿ ಒಬ್ಬಳೇ ಕೂತು ತನಗೆ ಹೊಳೆದದ್ದನ್ನು ನುಡಿಸಿಕೊಂಡಳು. ಹೀಗೆ ಯೌವನ ಕಳೆಯಿತು.

ಕಾಲ ಬದಲಾಯಿತು. ಎಳೆಯರೆಲ್ಲ ಗಿಟಾರಿನ ಹಾಡುಗಳ ಹಿಂದೆ ಹೋದರು. ಮುಂದಿನ ವಾರ ಬರುವ ಸ್ಯಾಕ್ಸೊಫೋನ್ ವಾದಕನೇ ಕೊನೆ, ಆಮೇಲೆ ನಿನಗೆ ಕೆಲಸವಿಲ್ಲ ಎಂದು ಯಜಮಾನ ತಿಳಿಸಿದ. ವಿನಿಫ್ರೆಡ್ ಎದುರಾಡಲಿಲ್ಲ. ಊರಿಗೆ ಮರಳಿ ಮಕ್ಕಳಿಗೆ ಪಾಠ ಹೇಳುವುದೆಂದು ನಿಶ್ಚಯಿಸಿ ಬಟ್ಟೆಬರೆ ಕಟ್ಟಿದಳು.

ಆ ವಾದಕ ಹೆಸರಾದವನು. ಕ್ಲಬ್ಬು ತುಂಬಿತು. ಒಂದು ನಿಧಾನದ ಧಾಟಿಯನ್ನು ನುಡಿಸುತ್ತಿದ್ದವನು ನಡುವೆಯೇ ವಾದ್ಯವನ್ನು ಬಾಯಿಂದ ತೆಗೆದ. ವೇದಿಕೆ ಇಳಿದು ಹೋಗಿ ಮುಂದಿನ ಸಾಲಿನಲ್ಲಿ ಕೂತ. ತನ್ನಿಂದ ಏನೋ ತಪ್ಪಾಯಿತೆಂದು ವಿನಿಫ್ರೆಡ್ ಬೆದರಿದಳು. ಅವನು ಮುಂದುವರಿಸು ಎಂದು ಕೈ ಮಾಡಿದ.

ಅವಳು ಮುಂದುವರಿಸಿದಳು. ಮೊದಲಿಗೆ ಎಂದಿನಂತೆ ಮೆಲ್ಲಗೇ ನುಡಿಸಿದಳು. ಬರಬರುತ್ತ ಯಜಮಾನ, ಊರು, ನಾಳೆಯ ರೈಲು ಎಲ್ಲವೂ ಮರೆತುಹೋಯಿತು. ಅಷ್ಟು ವರ್ಷ ಒಬ್ಬಳೇ ನುಡಿಸಿಕೊಂಡದ್ದೆಲ್ಲ ಹೊರಗೆ ಬಂತು. ಮುಗಿದಾಗ ಇಡೀ ಕ್ಲಬ್ಬು ಎದ್ದು ನಿಂತಿತ್ತು.

ಯಜಮಾನ ಗಾಬರಿಯಿಂದ ಬಂದು, ನೀವೇಕೆ ನಿಲ್ಲಿಸಿದಿರಿ ಎಂದು ವಾದಕನನ್ನು ಕೇಳಿದ.

"ಬೆನ್ನ ಹಿಂದೆ ಬರುತ್ತಿದ್ದುದು ನನ್ನದಕ್ಕಿಂತ ಚೆನ್ನಾಗಿತ್ತು. ಸಮುದ್ರ ದಾಟಿ ಬಂದವನಿಗೆ ಕೇಳಿಸಿತು. ಇಲ್ಲೇ ಇದ್ದ ನಿಮಗೆ ಕೇಳಿಸಲಿಲ್ಲವೆ?"

ಮರುದಿನ ಕ್ಲಬ್ಬಿನ ಬಾಗಿಲ ಫಲಕದಲ್ಲಿ ಅವಳ ಹೆಸರು ಎಲ್ಲಕ್ಕಿಂತ ಮೇಲೆ ಬಂತು. ಅವಳು ತನ್ನದೇ ತಂಡ ಕಟ್ಟಿದಳು. ಜಾಜ್ ಬೆಳೆದ ನ್ಯೂಯಾರ್ಕಿಗೇ ಹೋಗಿ ನುಡಿಸಿದಳು. ಅಲ್ಲಿಯ ಜನ ಮಂಜಿನಲ್ಲಿ ಸಾಲುಗಟ್ಟಿ ನಿಂತು ಒಳಗೆ ಬಂದರು. ತಲೆ ಪೂರ್ತಿ ನರೆತ ಮೇಲೂ ಅವಳು ಪಿಯಾನೊದ ಮುಂದೆ ಕೂತರೆ ಸಭೆ ಉಸಿರು ಬಿಗಿಹಿಡಿಯುತ್ತಿತ್ತು.

ಗುರುಗಳು ನಿಲ್ಲಿಸಿದರು. ಶಿಷ್ಯ ಯೋಚಿಸಿ, "ಅಂದು ಆ ವಾದಕ ವೇದಿಕೆ ಇಳಿಯದೇ ಹೋಗಿದ್ದರೆ?" ಎಂದ.

"ಆಗಲೂ ಅವಳು ಅಷ್ಟೇ ಚೆನ್ನಾಗಿ ನುಡಿಸುತ್ತಿದ್ದಳು, ನಷ್ಟ ಮಾತ್ರ ಕೇಳದವರದು," ಎಂದರು ಗುರುಗಳು.