ಕಳೆದುಹೋದ ‘ಅಂತೆ’

ಕಪಿಲೆಯ ದಡದ ಮಠಕ್ಕೆ ಕೆಂಡಗಣ್ಣ ಬಂದಾಗ ಗುರುಗಳು ಸೋಪಾನದ ಮೇಲೆ ನಿಂತು ಪಂಚೆ ಹಿಂಡುತ್ತಿದ್ದರು.

ಕೆಂಡಗಣ್ಣ ಇದೇ ಮಠದಲ್ಲಿ ಓದಿ ಬೆಳೆದವನು. ಈಗ ಸಂತೆಬೀದಿಯಲ್ಲಿ ಗಿಡಮೂಲಿಕೆಯ ಅಂಗಡಿ ಇಟ್ಟಿದ್ದ. ಇಟ್ಟಿದ್ದ ಅನ್ನಬೇಕು ಅಷ್ಟೆ. ಈಚೆಗೆ ಅತ್ತ ನೊಣವೂ ಸುಳಿಯುತ್ತಿರಲಿಲ್ಲ. ಗೆಳೆಯರು ಎದುರಾದರೆ ಮುಖ ತಿರುಗಿಸುತ್ತಿದ್ದರು. ತುಂಬಿದ ಬೀದಿಯಲ್ಲಿ ಅವನು ಒಬ್ಬಂಟಿಯಾಗಿದ್ದ, ಅದನ್ನು ಅವನಿಂದ ತಡೆಯಲಾಗುತ್ತಿರಲಿಲ್ಲ.

“ನಾಳೆ ಪಂಚಾಯ್ತಿ ಸೇರುತ್ತೆ, ಬುದ್ಧಿ. ನೀವೊಂದು ಮಾತು ಹೇಳಿದ್ರೆ ನನ್ನ ಬಿಟ್ಬಿಡ್ತಾರೆ. ಇಲ್ದಿದ್ರೆ ಅಂಗಡಿ ಮುಚ್ಚಿಸ್ತಾರೆ.”

“ಏನಾಯ್ತಪ್ಪ?”

“ಆಡು ಸಾಕ್ಕೊಂಡಿರೋ ದೊಡ್ಡತಾಯಮ್ಮಂಗೆ ಜ್ವರದ ಬೇರು ಕೊಟ್ಟೆ. ನೋಡಿದ್ರೆ ಅದು ಬೇರೆ ಯಾವ್ದೋ ಬೇರು. ಕಷಾಯ ಕುಡಿದ್ಮೇಲೆ ಆಯಮ್ಮಂಗೆ ಕಿವಿ ಕೇಳ್ಸಲ್ವಂತೆ. ನನ್ನದೇನು ತಪ್ಪು? ಬೇರು ಮಾರೋನು ಹೇಳ್ದ, ನಂಬಿದೆ. ಅವನು ಊರು ಬಿಟ್ಟೋದ, ನಾನು ಸಿಕ್ಕಾಕ್ಕೊಂಡೆ.”

“ಅವನು ಕೊಡೋವಾಗ ಏನಂದ?”

“‘ಇದು ಜ್ವರದ ಬೇರಂತೆ’ ಅಂದ.”

“ನೀನು ಆಯಮ್ಮಂಗೆ ಏನಂದೆ?”

“‘ಇದು ಜ್ವರದ ಬೇರು’ ಅಂದೆ.”

ಗುರುಗಳು ಪಂಚೆ ಕೊಡವಿದರು. “ಒಂದು ‘ಅಂತೆ’ ಕಡಿಮೆ ಬಂತಲ್ಲಪ್ಪ.”

ಕೆಂಡಗಣ್ಣನ ಮುಖ ಸಪ್ಪಗಾಯಿತು. “ಅಂತೆ ಅಂದ್ರೆ ಯಾರು ಕೊಳ್ತಾರೆ, ಬುದ್ಧಿ?”

“ಅದಕ್ಕೇ ನೀನು ಆ ‘ಅಂತೆ’ನ ಎತ್ತಿಟ್ಕೊಂಡೆ. ಈಗ ಆಯಮ್ಮನ ಕಿವಿ ಹೋಯ್ತು ಅನ್ನೋವಾಗ ‘ಕೇಳ್ಸಲ್ವಂತೆ’ ಅಂತ ಈಚೆ ತೆಗೆದೆ. ಹೋಗಿ ನೋಡಿದ್ದೀಯಾ?”

“ಇಲ್ಲ.”

“ನೋಡ್ಕೊಂಡು ಬಾ.”

ಗುರುಗಳು ಪಂಚೆ ಹರವಲು ಹೋದರು. ಅವರ ಸ್ವಭಾವವೇ ಹಾಗೆ, ಸಮಾಧಾನ ಬೇಕೆಂದು ಬಂದವನಿಗೆ ಕೆಲಸ ಹೇಳಿ ಕಳಿಸುವವರು.

ಕೆಂಡಗಣ್ಣ ಹೊಳೆಯ ದಡ ಹಿಡಿದು ನಡೆದ. ದೊಡ್ಡತಾಯಮ್ಮನ ಗುಡಿಸಲು ಊರಾಚೆ ಇತ್ತು, ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು. ಅಂಗಳದಲ್ಲಿ ಒಂದು ಆಡಿನ ಮರಿ ಬೇಲಿಗೆ ಕತ್ತು ಸಿಕ್ಕಿಸಿಕೊಂಡು ಪ್ರಾಣ ಹೋಗುವ ಹಾಗೆ ಅರಚುತ್ತಿತ್ತು. ನಾಲ್ಕು ಮಾರು ದೂರದಲ್ಲಿ ಅವಳು ಬೆನ್ನು ಹಾಕಿ ಕೂತು ರಾಗಿ ಕೇರುತ್ತಿದ್ದಳು. ತಿರುಗಿ ನೋಡಲಿಲ್ಲ.

ಅವನು ಮರಿಯನ್ನು ಬಿಡಿಸಿ ಎತ್ತಿಕೊಂಡ. “ಅವ್ವಾ” ಎಂದ. ಜೋರಾಗಿ ಕೂಗಿದ. ಅವಳ ಮೊರ ನಿಲ್ಲಲಿಲ್ಲ. ಅವನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಹೇಳಬೇಕಾದದ್ದನ್ನು ಆ ಬೆನ್ನಿಗೇ ಹೇಳಿದ.

ಕೊನೆಗೆ ನೆರಳು ಕಂಡು ಅವಳು ತಿರುಗಿದಳು. ಅವನ ಗುರುತು ಹತ್ತಿತು. ಏನೂ ಬಯ್ಯಲಿಲ್ಲ. ಮರಿಯನ್ನು ಇಸಿದುಕೊಂಡು, ತನ್ನ ದನಿ ತನಗೇ ಕೇಳದವರ ಹಾಗೆ ಗಟ್ಟಿಯಾಗಿ ಅಂದಳು:

“ಯಾರೂ ಬರಲ್ಲಪ್ಪ ಈಗ. ನಂಗೆ ಕೇಳ್ಸಲ್ಲ. ಆದ್ರೂ ಕೂತ್ಕೊ.”

ಅವನು ಕೂತ. ಹೊತ್ತು ಇಳಿಯುವವರೆಗೂ ಕೂತಿದ್ದ.

ಮಠಕ್ಕೆ ಬಂದಾಗ ಗುರುಗಳು ಅದೇ ಸೋಪಾನದ ಮೇಲಿದ್ದರು.

“ಆಯಮ್ಮಂಗೆ ಕಿವಿ ಕೇಳ್ಸಲ್ಲ, ಬುದ್ಧಿ.”

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

“‘ತಪ್ಪು ನಂದು’ ಅಂದೆ. ಕೂಗಿ ಹೇಳ್ದೆ. ಆಯಮ್ಮಂಗೆ ಕೇಳಿಸ್ಲೇ ಇಲ್ಲ.”

ಗುರುಗಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದರು.

“ನಾಳೆ ಪಂಚರಿಗೆ ಕೇಳಿಸುತ್ತಪ್ಪ.”