ಅಧ್ಯಕ್ಷರು ಬರೆಸಿದ ದೂರು

ನಮ್ಮ ಹ್ಯಾಮ್ ರೇಡಿಯೋ ಸಂಘದಲ್ಲಿ, ದೂರದೂರದ ಹವ್ಯಾಸಿಗಳನ್ನು ಹೆಚ್ಚು ಸಂಖ್ಯೆಯಲ್ಲಿ ಸಂಪರ್ಕಿಸುವ ಸ್ಪರ್ಧೆಗೆ ಒಂದೇ ಕೋಣೆಯಲ್ಲಿ ಎರಡು ಸೆಟ್. ಒಂದರಲ್ಲಿ ಅಧ್ಯಕ್ಷ ಭುಜಂಗರಾಯರು, ಇನ್ನೊಂದರಲ್ಲಿ ಗುಮಾಸ್ತೆ ಪದ್ಮಾವತಿ. ರಾಯರು ಮಾತಾಡಿದಾಗೆಲ್ಲ ಇವಳ ಸೆಟ್ಟಿನಲ್ಲಿ ಬರೀ ಗರಗರ. ಆಯಾ ಸೆಟ್ಟಿನ ಬ್ಯಾಂಡ್, ಅಂದರೆ ತರಂಗಗಳ ಪಟ್ಟಿ, ಬಿಟ್ಟು ಬೇರೆಯದನ್ನು ತಡೆಯುವ ಫಿಲ್ಟರನ್ನು ಎರಡಕ್ಕೂ ಹಾಕೋಣ ಎಂದಳು.

"ಫಿಲ್ಟರ್ ನನ್ನ ಸೆಟ್ಟಿನ ಶಕ್ತಿ ನುಂಗುತ್ತೆ. ಸಂಜೆಯೊಳಗೆ ನಿಮ್ಮಿಂದ ನೂರು ಸಂಪರ್ಕ ಆಗ್ದಿದ್ರೆ ನಿಮ್ಮ ಸೆಟ್ಟನ್ನೇ ಎತ್ತಿಡಿಸ್ತೀನಿ!"

"ಹಾಗಾದ್ರೆ ಸಾರ್, ನನ್ನ ಸೆಟ್ಟಲ್ಲಿ ಒಂದು ಹತ್ತು ನೀವೇ ಮಾಡಿ ತೋರಿಸಿ. ನೋಡಿ ಕಲೀತೀನಿ."

ರಾಯರು ಉಬ್ಬಿ ಅವಳ ಜಾಗದಲ್ಲಿ ಕೂತರು. ಅವಳು ಅವರ ಬೆನ್ನ ಹಿಂದಿದ್ದ ಅವರದೇ ಸೆಟ್ಟಿನಲ್ಲಿ ಮಾತು ಶುರುಮಾಡಿದಳು. ರಾಯರ ಕಿವಿಗೆ ಬರೀ ಗರಗರ.

ರಾಯರು ಹೆಡ್‌ಫೋನ್ ಕಿತ್ತೆಸೆದರು. "ಯಾವನ್ರೀ ಇವನು, ಶಿಸ್ತಿಲ್ಲದವನು? ಈಗಲೇ ದೂರು ಬರೀರಿ!"

ಪದ್ಮಾವತಿ ಬರೆದು ಮುಂದಿಟ್ಟಳು. "ಗಲಾಟೆ ಮಾಡಿದ ಸೆಟ್ ನಿಮ್ಮದು ಸಾರ್. ಸಹಿಯೂ ನಿಮ್ಮದೇ ಬೇಕು."

ರಾಯರು ಪೆನ್ನು ಮುಚ್ಚಿದರು. "ಆ ಫಿಲ್ಟರ್ ಎಲ್ಲಿಟ್ಟಿದ್ದೀರಮ್ಮ?"